ಜವಳದ ಗಂಟು

ಮಗನಿಗೆ ಎರಡು ತುಂಬಿ ಮೂರು ನಡೆಯುತ್ತಿದ್ದ ಆ ಬೇಸಿಗೆಯಲ್ಲಿ ನಮ್ಮ ಮನೆಯ ಬೆಳಗು ಶುರುವಾಗುತ್ತಿದ್ದದ್ದು ಬಾಚಣಿಕೆಯ ಜಗಳದಿಂದ. ಹುಟ್ಟಿದಾಗಿನಿಂದ ಅವನ ಕೂದಲು ಕತ್ತರಿ ಕಂಡಿರಲಿಲ್ಲ. ಹೆಗಲು ಮುಟ್ಟುತ್ತಿತ್ತು, ಬೆವರಿಗೆ ಕತ್ತಿಗೆ ಅಂಟಿಕೊಳ್ಳುತ್ತಿತ್ತು, ತಿಂದದ್ದೆಲ್ಲ ಅದಕ್ಕೇ ಮೆತ್ತುತ್ತಿತ್ತು. ನಾನು ಬಾಚಣಿಕೆ ಹಿಡಿದದ್ದು ಕಂಡರೆ ಸಾಕು, ಓಡಿಹೋಗಿ ಮಂಚದ ಕೆಳಗೆ ಸೇರುತ್ತಿದ್ದ. ಕಾಲು ಹಿಡಿದು ಎಳೆದು ತಂದು, ತೊಡೆ ನಡುವೆ ಸಿಕ್ಕಿಸಿಕೊಂಡು ಎರಡು ಚೋಟುದ್ದದ ಜುಟ್ಟು ಕಟ್ಟುವಷ್ಟರಲ್ಲಿ ಅವನು ಅತ್ತು, ನಾನು ಬೈದು, ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತಿತ್ತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಹಾಲು ಉಕ್ಕಿದ ಸಿಟ್ಟನ್ನು ನಮ್ಮವರ ಮೇಲೆ ತೀರಿಸುತ್ತಿದ್ದೆ. ಅವರು ಪಾಪ, ಬಟ್ಟೆ ತಂದು ಒಲೆ ಒರೆಸುತ್ತಿದ್ದರು.

ನಾವಿರುವುದು ಕೊಟ್ಟೂರಿನಲ್ಲಿ, ಒಂದು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ. ನಾನು ಹೈಸ್ಕೂಲಿನಲ್ಲಿ ಟೀಚರು. ನಮ್ಮವರು ವಿದ್ಯುತ್ ಕಚೇರಿಯಲ್ಲಿ ಇದ್ದಾರೆ. ಅವರದು ಹರಪನಹಳ್ಳಿ ಕಡೆ. ಬೇಸಿಗೆ ರಜೆ ಬಂತೆಂದರೆ ನನಗೆ ಮಗ, ಮಗನಿಗೆ ನಾನು. ಹತ್ತು ಗಂಟೆಗೆಲ್ಲ ನಲ್ಲಿಯಲ್ಲಿ ಕಾದ ನೀರು ಬರುತ್ತಿತ್ತು. ಬೆಳಗ್ಗೆಯೇ ಹಿಡಿದಿಟ್ಟ ತಣ್ಣೀರನ್ನು ಟಬ್ಬಿಗೆ ಸುರಿದು ಅವನನ್ನು ಕೂರಿಸಿದರೆ ಮಧ್ಯಾಹ್ನದವರೆಗೆ ಮಗ್ಗು, ಚಮಚ, ಅಪ್ಪನ ಒಂದು ಚಪ್ಪಲಿ ಎಲ್ಲವನ್ನೂ ಸ್ನಾನ ಮಾಡಿಸುತ್ತಿದ್ದ. ಸಂಜೆ ಬಿಸಿಲು ತಗ್ಗಿದ ಮೇಲೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮಂಡಕ್ಕಿ-ಮಿರ್ಚಿ ಅಂಗಡಿಗೆ ಹೋಗುತ್ತಿದ್ದೆವು. ಮಿರ್ಚಿಯ ಮೇಲಿನ ಹಿಟ್ಟನ್ನಷ್ಟೇ ತಾನು ತಿಂದು, ಒಳಗಿನ ಮೆಣಸಿನಕಾಯಿಯನ್ನು ಅಪ್ಪನ ಬಾಯಿಗೆ ತುರುಕುವುದು ಅವನ ಆಟ. ಅಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರೆ ಇವನಿಗೆ ಇನ್ನಷ್ಟು ಖುಷಿ.

ಭಾನುವಾರ ಬಂದರೆ ಸೆಕೆಂಡ್‌ಹ್ಯಾಂಡ್ ಕಾರು ತೆಗೆಯುತ್ತಿದ್ದೆವು. ಆ ವರ್ಷವಷ್ಟೇ ಕೊಂಡದ್ದು. ಒಂದು ಭಾನುವಾರ ನೀಲಗುಂದದ ಗುಡಿಗೆ ಹೋದೆವು. ನಾವು ಕಂಬದ ಕೆತ್ತನೆ ನೋಡುತ್ತಿದ್ದರೆ ಮಗ ತಣ್ಣನೆಯ ಕಲ್ಲಿನ ಮೇಲೆ ಕೆನ್ನೆಯಿಟ್ಟು ಇರುವೆ ಸಾಲು ನೋಡುತ್ತಾ ಅಲ್ಲಿಯೇ ನಿದ್ದೆ ಹೋಗಿದ್ದ. ಇನ್ನೊಂದು ಭಾನುವಾರ ಕೋಗಳಿ ಬಸದಿ ನೋಡಲು ಹೋದೆವು, ನಮ್ಮವರ ಕಚೇರಿಯ ಇನ್ನೊಂದು ಸಂಸಾರವೂ ಜೊತೆಗಿತ್ತು. ನನ್ನ ತವರೂರು ಕೋಗಳಿಯ ಪಕ್ಕದಲ್ಲೇ. ಅಣ್ಣ ಅಲ್ಲಿದ್ದಾನೆ. ಹೋಗಿ ಬರೋಣವೇ ಎಂದು ನಮ್ಮವರು ಕೇಳಿದರು. ಬೇಡ, ಜೊತೆಗೆ ಜನ ಇದ್ದಾರೆ, ಅಲ್ಲಿ ಕೂರಲು ಕುರ್ಚಿ ಕೂಡ ಇಲ್ಲ ಎಂದೆ. ಮಗ ಮಾತ್ರ ದಾರಿ ಗುರುತು ಹಿಡಿದು ಕಿಟಕಿಗೆ ಮೂಗೊತ್ತಿ "ಮಾಮಾ, ಮಾಮಾ" ಅನ್ನುತ್ತಲೇ ಇದ್ದ. ಅವನಿಗೆ ಚಾಕೊಲೇಟು ಕೊಟ್ಟೆ.

ಈ ಅಣ್ಣನ ವಿಷಯ ಹೇಳಬೇಕು. ಅವನು ಗೌಂಡಿ, ಮನೆ ಕಟ್ಟುವವನು. ನನಗಿಂತ ಆರು ವರ್ಷ ದೊಡ್ಡವನು. ಅಪ್ಪ ನಾನು ನಡೆಯುವ ಮೊದಲೇ ತೀರಿಹೋಗಿದ್ದ. ಅವ್ವ ಬೆಳಕು ಹರಿಯುವ ಮೊದಲೇ ಕಳೆ ತೆಗೆಯಲು ಕೂಲಿಗೆ ಹೋಗಿಬಿಡುತ್ತಿದ್ದಳು. ಎರಡು ಜಡೆ, ಕೆಂಪು ಟೇಪು ಇಲ್ಲದಿದ್ದರೆ ನಮ್ಮ ಶಾಲೆಯಲ್ಲಿ ಹೊರಗೆ ನಿಲ್ಲಿಸುತ್ತಿದ್ದರು. ಹಾಗಾಗಿ ಒಂದನೇ ತರಗತಿಯಿಂದ ಏಳನೆಯದು ಮುಗಿಯುವವರೆಗೂ ನನ್ನ ತಲೆ ಬಾಚಿ ಜಡೆ ಹಾಕಿದವನು ಅಣ್ಣ. ದನದ ಹಗ್ಗ ಹೆಣೆದು ಕಲಿತ ಕೈ, ಅವನು ಹಾಕಿದ ಜಡೆ ಸಂಜೆಯವರೆಗೂ ಸಡಿಲವಾಗುತ್ತಿರಲಿಲ್ಲ. ನನ್ನ ಕೂದಲು ದಪ್ಪ, ಒರಟು, ಕಪ್ಪು. "ಇದು ಕೂದಲ ಅಲ್ಲಲೇ, ಕುದುರಿ ಬಾಲ" ಎಂದು ದಿನಾ ರೇಗಿಸುತ್ತಿದ್ದ. ಸೀಸನ್ನಿನಲ್ಲಿ ಎಲ್ಲಿಂದಲೋ ಒಂದು ಮೊಳ ಹಡಗಲಿ ಮಲ್ಲಿಗೆ ತಂದು ಸಿಕ್ಕಿಸುತ್ತಿದ್ದ. ಅವ್ವ ಹೋದ ಮೇಲೆ ತವರು ಎಂದರೆ ನನಗೆ ಅವನೊಬ್ಬನೇ.

ನಮ್ಮಲ್ಲಿ ಮಗುವಿನ ಮೊದಲ ಕೂದಲು, ಅಂದರೆ ಜವಳ ತೆಗೆಸುವುದು ಸೋದರಮಾವನ ತೊಡೆಯ ಮೇಲೆ. ತಾಯಿಯ ಅಣ್ಣನೋ ತಮ್ಮನೋ ಹೊಸ ಬಟ್ಟೆ ತರುತ್ತಾನೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ, ಕೂದಲು ಅವನು ಹಾಸಿದ ಹೊಸ ಟವೆಲ್ಲಿನ ಮೇಲೆ ಬೀಳುತ್ತದೆ. ಅದನ್ನು ದೇವರ ಮುಂದಿಟ್ಟು, ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ಹರಿವ ನೀರಿಗೆ ಬಿಡುವವನೂ ಅವನೇ. ಮಗುವಿನ ಅಪ್ಪನಿಗೂ ಆ ದಿನ ಅಷ್ಟು ಬೆಲೆಯಿಲ್ಲ. ನನ್ನ ಮಗ ಹೊಟ್ಟೆಯಲ್ಲಿದ್ದಾಗಲೇ ಅಣ್ಣ ಮಾತು ತೆಗೆದುಕೊಂಡಿದ್ದ, ಉಚ್ಚಂಗಿದುರ್ಗದ ಅಮ್ಮನ ಹತ್ತಿರವೇ ಆಗಬೇಕು, ನನ್ನ ತೊಡೆ ಮೇಲೇ ಆಗಬೇಕು ಎಂದು. ಮೊದಲ ವರ್ಷ ಅವನು ಕಾಲು ಮುರಿದುಕೊಂಡು ಮಲಗಿದ್ದ. ಎರಡನೆಯದು ಸರಿಸಂಖ್ಯೆಯ ವರ್ಷ, ಮಾಡಬಾರದು ಅಂದರು ಹಿರಿಯರು. ಈಗ ಮೂರನೆಯದು. ಒಂದು ಮನೆಯ ಸ್ಲ್ಯಾಬ್ ಹಾಕುವುದು ಬಾಕಿ ಇದೆ, ಅದು ಮುಗಿದ ಮರುವಾರ ಮಂಗಳವಾರ ಎಂದು ದಿನ ಗೊತ್ತುಮಾಡಿದ್ದ.

ಯುಗಾದಿಗೆ ಬಂದಾಗ ಅವನೇ ಮಗನ ತಲೆ ಬಾಚಿದ್ದ. ನನ್ನ ಹತ್ತಿರ ಕಿರುಚುವ ಮಗು ಅವನ ಮುಂದೆ ಕಣ್ಣು ಮುಚ್ಚಿ ಕೂತಿತ್ತು. ಸಿಮೆಂಟಿಗೆ ಬಿರಿದ ಬೆರಳುಗಳಿಗೆ ಕೂದಲು ಸಿಕ್ಕಿಕೊಳ್ಳದಂತೆ ಕೊಬ್ಬರಿ ಎಣ್ಣೆ ಸವರಿಕೊಂಡು, ಬಾಚಣಿಕೆಯನ್ನೇ ಮುಟ್ಟದೆ ಬೆರಳಲ್ಲೇ ಸಿಕ್ಕು ಬಿಡಿಸಿದ. ಮೆಕ್ಕೆಜೋಳದ ತೆನೆಯ ನೂಲಿನ ಹಾಗೆ ಕೆಂಚಗೆ, ಮೆತ್ತಗೆ ಇದೆ, ನಿನ್ನ ಹಾಗಲ್ಲ, ಪುಣ್ಯ ಮಾಡ್ಯಾನ ಅಳಿಯ ಎಂದು ನಕ್ಕಿದ್ದ.

ಮೇ ತಿಂಗಳ ಮೊದಲ ಭಾನುವಾರ ನಮ್ಮವರ ಕಚೇರಿಯ ನಾಲ್ಕು ಸಂಸಾರ ಸೇರಿ ಅಂಕಸಮುದ್ರದ ಕೆರೆಗೆ ಹೊರಟೆವು, ಹಕ್ಕಿ ನೋಡಲು. ಚಿತ್ರಾನ್ನ, ಮೊಸರನ್ನ, ಮಾವಿನಹಣ್ಣು ಎಲ್ಲ ಕಟ್ಟಿಕೊಂಡಿದ್ದೆವು. ಉಳಿದವರ ಮಕ್ಕಳು ಕ್ರಾಪು ಬಾಚಿಕೊಂಡು, ಬಿಳಿ ಬೂಟು ಹಾಕಿಕೊಂಡು ಬಂದಿದ್ದವು. ನನ್ನ ಮಗ ಎರಡು ಜುಟ್ಟು ಕಟ್ಟಿಕೊಂಡು ಇಳಿದ. ಒಬ್ಬ ಹೆಂಗಸು ಅವನ ಗಲ್ಲ ಹಿಡಿದು, ಚಂದ ಇದ್ದಾಳೆ ಮಗಳು, ಎಂದಳು. ಮಗ ಅಲ್ವಾ ಎಂದು ಇನ್ನೊಬ್ಬಳು ತಿದ್ದಿದಳು. ಮಗನಾದರೆ ಈ ಬಿಸಿಲಲ್ಲಿ ಇದೇನು ವೇಷ, ಓದಿದವರು ನೀವೂ ಇನ್ನೂ ಜವಳ ಗಿವಳ ಅಂತ ಕಾಯುತ್ತೀರಾ, ಎಂದು ಎಲ್ಲರೂ ನಕ್ಕರು. ಕೆಟ್ಟದಾಗಿ ನಕ್ಕರೆಂದು ಹೇಳಲಾರೆ. ಆದರೆ ನನಗೆ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಮಗ ಮಾವಿನಹಣ್ಣಿನ ಕೈಯನ್ನು ತಲೆಗೆ ಒರೆಸಿಕೊಂಡ. ನೊಣ ಮುತ್ತಿದವು. ಒಂದು ಬಿಳಿ ಬೂಟಿನ ಮಗು ಛೀ ಎಂದು ದೂರ ಸರಿಯಿತು.

ಸೋದರಮಾವ ಏನು ಮಾಡುತ್ತಾರೆ ಎಂದು ಯಾರೋ ಕೇಳಿದರು. ಕಾಂಟ್ರ್ಯಾಕ್ಟರ್ ಎಂದೆ. ನಮ್ಮವರು ನನ್ನ ಮುಖ ನೋಡಿದರು. ನಾನು ಕೆರೆಯ ಕಡೆ ತಿರುಗಿ ಮಗನಿಗೆ ಇಲ್ಲದ ಹಕ್ಕಿ ತೋರಿಸಿದೆ. ಗೌಂಡಿ ಎನ್ನಲು ನನ್ನ ನಾಲಿಗೆಗೆ ಏನಾಗಿತ್ತು? ಆ ಗೌಂಡಿಯ ಕೈ ಹಾಕಿದ ಜಡೆ ತೂಗಿಸಿಕೊಂಡೇ ನಾನು ಏಳನೇ ಕ್ಲಾಸು ದಾಟಿದ್ದು. ಥೂ ನನ್ನ!

ವಾಪಸು ಬರುವಾಗ ಮಗ ತಲೆ ಕೆರೆದುಕೊಂಡು ಅಳುತ್ತಿದ್ದ. ಹಗರಿಬೊಮ್ಮನಹಳ್ಳಿ ಊರೊಳಗೆ ಬರುತ್ತಲೇ ಒಂದು ಹೊಸ ಸಲೂನು ಕಂಡಿತು, ಗಾಜಿನ ಬಾಗಿಲು, ಮಕ್ಕಳಿಗೆಂದೇ ಕಾರಿನ ಆಕಾರದ ಕುರ್ಚಿ. ನಿಲ್ಲಿಸ್ರಿ ಎಂದೆ. ಇನ್ನು ಒಂಬತ್ತು ದಿನ ತಡೆಯಲು ಆಗುವುದಿಲ್ಲವೇ, ಅವನು ಎಷ್ಟು ಆಸೆ ಇಟ್ಟುಕೊಂಡಿದ್ದಾನೆ, ಎಂದು ನಮ್ಮವರು ಮೆಲ್ಲಗೆ ಹೇಳಿದರು. ತಲೆ ಬಾಚುವವಳು ನಾನು, ನಿಮಗೇನು ಗೊತ್ತು ಎಂದು ಹರಿಹಾಯ್ದೆ. ಅವರು ಕಾರು ನಿಲ್ಲಿಸಿದರು.

ಮಗನಿಗೆ ಮೊಬೈಲಿನಲ್ಲಿ ಕಾರ್ಟೂನು ಹಾಕಿಕೊಟ್ಟೆ. ಮಶೀನು ಗುಂಯ್ ಎಂದಿತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಕನ್ನಡಿಯಲ್ಲಿ ಉಳಿದ ಮಕ್ಕಳಂಥದೇ ಒಂದು ಮಗು ಕೂತಿತ್ತು, ನನಗೆ ಎಷ್ಟು ಹಗುರವಾಯಿತೆಂದರೆ ಕೂದಲಿನ ನೆನಪೇ ಬರಲಿಲ್ಲ. ಕ್ಷೌರದವನು ಪೊರಕೆ ತೆಗೆದುಕೊಂಡು ನೆಲದ ಮೇಲಿದ್ದುದನ್ನು ಹಿಂದಿನವರ ಕೂದಲಿನ ಜೊತೆ ಮೂಲೆಗೆ ತಳ್ಳುವುದನ್ನು ನಾನು ನೋಡಿದ್ದೇನೆ. ನೋಡುತ್ತಲೇ ಮಗನ ಫೋಟೋ ತೆಗೆದಿದ್ದೇನೆ.

ಮನೆಗೆ ಬಂದು ಅವನಿಗೆ ಸ್ನಾನ ಮಾಡಿಸುವಾಗ, ಬೋಳು ಕತ್ತಿನ ಮೇಲೆ ನೀರು ಹರಿಯುವುದನ್ನು ಕಂಡಾಗ, ಗುಡಿಸಿಹೋದ ಆ ಕೂದಲು ನೆನಪಾಯಿತು. ಅಣ್ಣನಿಗೆ ಏನು ಹೇಳುವುದು? ನಾಲ್ಕು ದಿನ ಅವನ ಫೋನು ಬಂದಾಗಲೆಲ್ಲ ಮಗ ಮಲಗಿದ್ದಾನೆ ಎಂದೆ, ವಿಡಿಯೋ ಬೇಡ ನೆಟ್‌ವರ್ಕ್ ಇಲ್ಲ ಎಂದೆ. ಹೇಳಿಬಿಡು ಅತ್ಲಾಗೆ, ಅವನು ಬೈಯುವವನಲ್ಲ, ಎಂದು ನಮ್ಮವರು ಅಂದರು. ಬೈಯುವವನಾಗಿದ್ದರೆ ಹೇಳುತ್ತಿದ್ದೆ.

ಐದನೇ ದಿನ ಹೇಳಿದೆ, ಆದರೆ ಸುಳ್ಳು ಹೇಳಿದೆ. ತಲೆ ತುಂಬ ಬೆವರುಗುಳ್ಳೆ ಎದ್ದಿದ್ದವು, ಕೀವಾಗುತ್ತದೆ ಅಂತ ಡಾಕ್ಟರು ಹೆದರಿಸಿದರು, ತೆಗೆಸಲೇಬೇಕಾಯಿತು ಎಂದೆ. ಅಣ್ಣ ಮೊದಲು ಮಗನಿಗೆ ಜ್ವರ ಬಂತೇ ಎಂದು ಕೇಳಿದ. ಆಮೇಲೆ ಗುಳ್ಳೆ ಈಗ ಹೇಗಿವೆ, ಬೇವಿನೆಲೆ ಹಾಕಿ ನೀರು ಕಾಯಿಸು ಎಂದ. ನಂತರ ಕೇಳಿದ.

"ಕೂದಲಾ ತಗದಿಟ್ಟೀಯಿಲ್ಲ ತಂಗಿ?"

ಹ್ಞೂಂ, ಇಟ್ಟಿದ್ದೇನೆ, ಎಂದುಬಿಟ್ಟೆ. ಹಾಗಾದರೆ ಏನೂ ಮುಳುಗಿಹೋಗಿಲ್ಲ, ಮಂಗಳವಾರ ದುರ್ಗಕ್ಕೆ ಬರ್ರಿ, ತೊಡೆ ಮೇಲೆ ಕೂರಿಸಿಕೊಂಡು ಒಂದೆಳೆ ತೆಗೆಸುತ್ತೇನೆ, ಉಳಿದದ್ದನ್ನು ಅಮ್ಮನ ಮುಂದಿಟ್ಟು ನಾನೇ ಹೊಳೆಗೆ ಬಿಡುತ್ತೇನೆ, ಮುಂದಿನ ವಾರ ಹಡಗಲಿ ಕಡೆ ಕೆಲಸವಿದೆ, ಹೊಳೆ ಅಲ್ಲೇ ಹತ್ತಿರ, ಎಂದ. ದನಿಯಲ್ಲಿ ಗೆಲುವು ಬಂದಿತ್ತು.

ಮರುದಿನವೇ ಬಸ್ಸು ಹತ್ತಿ ಆ ಸಲೂನಿಗೆ ಹೋದೆ. ವಾರದ ಕಸ ಎಂದೋ ಹೋಗಿತ್ತು. ಕ್ಷೌರದವನು ನನ್ನನ್ನು ನೋಡಿದ ರೀತಿ ಮರೆಯಲಾರೆ.

ಸೋಮವಾರ ಮಧ್ಯಾಹ್ನ ಮಗ ಮಲಗಿದ್ದ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನನ್ನ ಜಡೆ ಬಿಚ್ಚಿ, ಒಳಗಿನ ಪದರದಿಂದ ಒಂದು ಹಿಡಿ ಕೂದಲು ಕತ್ತರಿಸಿದೆ. ಚಿಕ್ಕದಾಗಿ ತುಂಡು ಮಾಡಿದೆ. ಕಪ್ಪು ಕಾಣಬಾರದೆಂದು ಅರಿಶಿನ ಉದುರಿಸಿದೆ. ದೇವರ ಮನೆಯಲ್ಲಿದ್ದ ಹಳದಿ ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿದೆ. ಇದನ್ನು ಬರೆಯುವಾಗಲೂ ನನ್ನ ಮುಖಕ್ಕೆ ರಕ್ತ ನುಗ್ಗುತ್ತದೆ. ಮಕ್ಕಳಿಗೆ ನಿಜ ಹೇಳಿ ಎಂದು ಬೋರ್ಡಿನ ಮೇಲೆ ಬರೆದು ತೋರಿಸುವ ಕೈ ಅದು. ನಾನು ಹೊರಗೆ ಬಂದಾಗ ಊಟಕ್ಕೆಂದು ಬಂದಿದ್ದ ನಮ್ಮವರು ಬಾಗಿಲ ಬಳಿ ನಿಂತಿದ್ದರು. ಗಂಟು ನೋಡಿದರು, ನನ್ನ ತಲೆ ನೋಡಿದರು. ತಿರುಗಿ ಹೋದರು. ಆ ದಿನ ಅವರ ಮೇಲೆ ನನಗೆ ಸಿಟ್ಟೂ ಬರಲಿಲ್ಲ.

ಮಂಗಳವಾರ ನಾವು ಉಚ್ಚಂಗಿದುರ್ಗ ಮುಟ್ಟುವ ಹೊತ್ತಿಗೆ ಅಣ್ಣ ಮೊದಲ ಬಸ್ಸಿಗೇ ಬಂದು ಬೆಟ್ಟದ ಬುಡದಲ್ಲಿ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಹೊಸ ಬಿಳಿ ಅಂಗಿ, ಮಡಿಕೆ ಕೂಡ ಬಿಚ್ಚದ ಹೊಸ ಟವೆಲ್ಲು. ಉಗುರ ಸಂದಿಯ ಸಿಮೆಂಟನ್ನು ಕಲ್ಲಿಗೆ ತಿಕ್ಕಿ ತೆಗೆದು ಬಂದಿದ್ದ, ಬೆರಳ ತುದಿಗಳು ಕೆಂಪಾಗಿದ್ದವು. ಮಗ ನನ್ನ ಕೈ ಬಿಡಿಸಿಕೊಂಡು "ಮಾಮಾ" ಎಂದು ಓಡಿದ. ಅಣ್ಣ ಎತ್ತಿಕೊಂಡು ಅವನ ತಲೆಯ ಟೋಪಿ ತೆಗೆದ. ಅಂಗೈಯಿಂದ ತಲೆಯನ್ನು ಒಮ್ಮೆ ಹಿಂದಿನಿಂದ ಮುಂದಕ್ಕೆ ಸವರಿದ. ಗುಳ್ಳೆಯ ಕಲೆ ಹುಡುಕಿದನೇನೋ. ಆಮೇಲೆ ನಕ್ಕು, ನನ್ನ ಅಳಿಯ ಪೊಲೀಸ್ ಆಗಿಬಿಟ್ಟಾನ ಎಂದ.

ಹೊಸ ಬಟ್ಟೆ ಹಾಕಿಸಿ, ಟವೆಲ್ಲು ಹಾಸಿ, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅಲ್ಲಿಯ ಕ್ಷೌರದವರು ವೀಳ್ಯದೆಲೆ ಹಿಡಿದು, ಇದ್ದ ಮೋಟು ಕೂದಲಿನಲ್ಲೇ ಹುಡುಕಿ ಒಂದೆಳೆ ಕತ್ತರಿಸಿದರು. ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ ಅದು. ಅಣ್ಣ ಕಣ್ಣು ಮುಚ್ಚಿ ಕೈ ಮುಗಿದ. ಮೂರು ವರ್ಷ ಕಾದದ್ದಕ್ಕೆ ಅವನಿಗೆ ಸಿಕ್ಕದ್ದು ಅಷ್ಟು. ಆಮೇಲೆ ಗಂಟಿಗೆ ಕೈ ಚಾಚಿದ. ಕೊಟ್ಟೆ.

ಕುಂಕುಮ ಹಾಕಲೆಂದು ಅವನು ಗಂಟು ಬಿಚ್ಚಿದ. ಎರಡು ಬೆರಳಲ್ಲಿ ನಾಲ್ಕೆಳೆ ಹಿಡಿದು ತಿಕ್ಕಿದ. ಬೆರಳು ನಿಂತವು. ಅವನು ತಲೆ ಎತ್ತಲಿಲ್ಲ. ಕುಂಕುಮ ಹಾಕಿ, ಮತ್ತೆ ಗಂಟು ಕಟ್ಟಿ ಜೇಬಿಗಿಟ್ಟುಕೊಂಡ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಷ್ಟೂ ಮೆಟ್ಟಿಲು ತಾನೇ ಹತ್ತಿದ, ಒಂದೊಂದು ಮೆಟ್ಟಿಲಿಗೂ ಎಣಿಕೆ ಹೇಳಿಕೊಡುತ್ತ, ಮಗ ಮೂರಾದ ಮೇಲೆ ಏಳು ಅಂದಾಗ ನಗುತ್ತ. ದರ್ಶನ ಮುಗಿಸಿ ಕೆಳಗಿಳಿದು ನಾನು ತಂದಿದ್ದ ಹೋಳಿಗೆ ಉಂಡ. ಸ್ಲ್ಯಾಬ್ ಹಾಕುವ ದಿನ ಮನೆಯೊಡೆಯ ಗಾಬರಿಯಾದ ಕಥೆ ಹೇಳಿ ನಮ್ಮವರನ್ನು ನಗಿಸಿದ. ಬಚಾವಾದೆ ಎಂದುಕೊಂಡೆ. ಹಾಗೆಂದುಕೊಂಡು ಇನ್ನೊಂದು ಹೋಳಿಗೆ ತಿಂದೆ ಕೂಡ.

ಹೊರಡುವಾಗ ಮಗ ನಿದ್ದೆಗಣ್ಣಲ್ಲಿದ್ದ. ಸೆಕೆಗೆ ಅಳದಿರಲೆಂದು ನಮ್ಮವರು ಕಾರಿನ ಗಾಜು ಏರಿಸಿ ಎಸಿ ಹಾಕಿದ್ದರು. ನಾನು ಹಿಂದಿನ ಸೀಟಿನಲ್ಲಿ ಮಗನನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಬಾ, ಹರಪನಹಳ್ಳಿವರೆಗೆ ಬಿಡುತ್ತೇವೆ ಎಂದು ಅಣ್ಣನನ್ನು ಕರೆದೆ. ಬಸ್ಸಿಗೆ ಹೋಗುತ್ತೇನೆ ಎಂದ. ತೆರೆದ ಬಾಗಿಲಿಗೆ ಬಗ್ಗಿ, ಜೇಬಿನಿಂದ ಗಂಟು ತೆಗೆದು ನನ್ನ ಕೈಯಲ್ಲಿಟ್ಟ.

"ಇದನ್ನ ನೀನಾ ಇಟ್ಕಳವ್ವಾ."

ಹೊಳೆಗೆ ಬಿಡುತ್ತೇನೆ ಅಂದಿದ್ದೆಯಲ್ಲ ಎಂದೆ.

"ಬದುಕಿರೋ ತಂಗಿ ಕೂದಲಾ ಹೆಂಗ ಹೊಳಿಗೆ ಬಿಡ್ಲಿ? ಏಳು ವರ್ಷ ಜಡಿ ಹಾಕೀನಿ, ನನ್ನ ಕೈಗೆ ಗೊತ್ತಾಗಂಗಿಲ್ಲೇನು?"

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆಗ ಎಲ್ಲ ಹೇಳಿದೆ. ಗುಳ್ಳೆ ಇರಲಿಲ್ಲ, ಡಾಕ್ಟರು ಇರಲಿಲ್ಲ, ಅಂಕಸಮುದ್ರದಲ್ಲಿ ನಕ್ಕರು, ಸಲೂನಿನಲ್ಲಿ ತೆಗೆಸಿದೆ, ಕೂದಲನ್ನು ಪೊರಕೆಯಲ್ಲಿ ಗುಡಿಸಿದರು, ನಾನು ನೋಡುತ್ತ ನಿಂತಿದ್ದೆ. ಜುಟ್ಟು ನೋಡಿ ಎಲ್ಲರ ಮುಂದೆ ನಾಚಿಕೆಯಾಯಿತು ಅಣ್ಣಾ ಎಂದೆ. ಮುಂದಿನ ಸೀಟಿನಲ್ಲಿ ನಮ್ಮವರು ಸ್ಟೀರಿಂಗ್ ನೋಡುತ್ತ ಕೂತಿದ್ದರು. ಅಣ್ಣ ಎಲ್ಲದಕ್ಕೂ ತಲೆಯಾಡಿಸಿದ, ಇಂಥ ಬಿಸಿಲಲ್ಲಿ ಮಗುವಿಗೂ ಕಷ್ಟವೇ ಆಗಿತ್ತು ಬಿಡು ಎಂದ. ಮಗನ ಕಾಲಿನ ಬೂಟಿನ ಪಟ್ಟಿ ಸಡಿಲ ಮಾಡಿದ. ಆಮೇಲೆ, ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸುವವನ ಹಾಗೆ, ಮೆಲ್ಲಗೆ ಕೇಳಿದ.

"ಕೋಗಳಿಗೆ ಬಂದಿದ್ರಂತ. ಊರಾಗ ಯಾರೋ ನಿಮ್ಮ ಕಾರ್ ನೋಡಿದ್ರಂತ. ನನ್ನ ಕಂಡ್ರೂ ನಿಂಗ ನಾಚಿಕಿ ಬರ್ತೈತೇನವ್ವಾ?"

ಇಲ್ಲ ಎನ್ನಬೇಕಿತ್ತು. ಅವನ ಮಾತು ಮುಗಿಯುವ ಮೊದಲೇ ಎನ್ನಬೇಕಿತ್ತು. ನನ್ನ ಕಣ್ಣ ಮುಂದೆ ಕುರ್ಚಿಯಿಲ್ಲದ ಆ ಮನೆ, ಕಾಂಟ್ರ್ಯಾಕ್ಟರ್ ಎಂದ ನನ್ನ ಬಾಯಿ, ಕಿಟಕಿಗೆ ಮೂಗೊತ್ತಿದ ಮಗ, ಎಲ್ಲ ಬಂದವು. ಪ್ರಶ್ನೆ ಕೇಳಿದ ಮೇಲೆ ಮಕ್ಕಳು ಎಷ್ಟು ಹೊತ್ತು ಸುಮ್ಮನಿದ್ದರೆ ಏನರ್ಥ ಎಂದು ಪಾಠ ಹೇಳುವ ನನಗೆ ಗೊತ್ತು. ಅಣ್ಣ ಅಷ್ಟು ಹೊತ್ತು ಕಾದ. ಆಮೇಲೆ ಮಗನ ತಲೆಗೆ ಟೋಪಿ ಸರಿಯಾಗಿ ಕೂರಿಸಿ, ಅವನ ಕೈ ಸಿಕ್ಕಿಕೊಳ್ಳದಂತೆ ಒಳಗೆ ಸರಿಸಿ, ಬಾಗಿಲು ಹಾಕಿದ.

"ಇಲ್ಲಣ್ಣಾ" ಎಂದೆ. ಗಾಜು ಏರಿಸಿತ್ತು. ಆಚೆಗೆ ಅವನು ಮಗನಿಗೆ ಕೈ ಬೀಸುತ್ತಿದ್ದ.